ಪಾತ್ರೆಯನ್ನೇ ತಿನ್ನುವ ತಿಂಡಿ

1626ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ಮತ್ತು ರಾಣಿ ಹೆನ್ರಿಯೆಟಾ ಮರಿಯಾಗೆ ಬಕಿಂಗ್‌ಹ್ಯಾಮ್ ಡ್ಯೂಕ್ ಒಂದು ಔತಣ ಕೊಟ್ಟ. ಊಟದ ನಡುವೆ ದೊಡ್ಡದೊಂದು ಪೈಯನ್ನು ತಂದು ರಾಣಿಯ ಮುಂದಿಟ್ಟರು. ಅದರ ಮುಚ್ಚಳ ಒಡೆದುಕೊಂಡು ಎದ್ದು ನಿಂತವನು ಜೆಫ್ರಿ ಹಡ್ಸನ್ ಎಂಬ ಏಳು ವರ್ಷದ ಹುಡುಗ. ಎತ್ತರ ಒಂದೂವರೆ ಅಡಿ, ಮೈಮೇಲೆ ಪುಟಾಣಿ ಯುದ್ಧಕವಚ. ರಾಣಿಗೆ ಎಷ್ಟು ಹಿಡಿಸಿತೆಂದರೆ ಹುಡುಗನನ್ನು ಅರಮನೆಗೇ ಕರೆದುಕೊಂಡು ಹೋದಳು. ಮನುಷ್ಯನನ್ನು ತಿಂಡಿಯೊಳಗಿಟ್ಟು ಉಡುಗೊರೆ ಕೊಡುವ ದೊಡ್ಡವರ ಮೋಜನ್ನು ಏನೆನ್ನಬೇಕೋ ಅದನ್ನು ಓದುಗರೇ ಅಂದುಕೊಳ್ಳಲಿ. ನನ್ನ ಕಣ್ಣು ಮಾತ್ರ ಆ ಪೈ ಮೇಲೆ. ಒಳಗೆ ಮಗು ಕೂತಿದ್ದರೂ, ಅದನ್ನು ಹಾಗೇ ಎತ್ತಿ ತಂದರೂ ಕುಸಿಯದೆ ನಿಂತ ಆ ಹಿಟ್ಟಿನ ಗೋಡೆ ಎಂಥದ್ದು?

ಆ ಕಾಲದ ಪೈಗಳ ಗುಟ್ಟೆಲ್ಲ ಆ ಗೋಡೆಯಲ್ಲೇ ಇದೆ. ಹೋಳಿಗೆ ಮಾಡುವವರ ಭಾಷೆಯಲ್ಲೇ ಹೇಳುವುದಾದರೆ, ಪೈಗೂ ಹೊರಗೊಂದು ಕಣಕ, ಒಳಗೊಂದು ಹೂರಣ. ಹೋಳಿಗೆಯಲ್ಲಿ ಕಣಕ ಎಷ್ಟು ತೆಳ್ಳಗಿದ್ದರೆ ಅಷ್ಟು ಮೆಚ್ಚುಗೆ. ಹಳೆಯ ಪೈಯಲ್ಲಿ ಕಣಕವೇ ಪಾತ್ರೆ. ಯುರೋಪಿನ ಅಡುಗೆಮನೆಗಳಲ್ಲಿ ಕಟ್ಟಿಗೆ ಉರಿಸಿ ಕಾಯಿಸುವ ಇಟ್ಟಿಗೆಯ ಭಟ್ಟಿ ಇತ್ತು. ಅದರೊಳಗೆ ಇಡಲು ಇವತ್ತಿನಂಥ ತಗಡಿನ ಅಚ್ಚುಗಳು ಇರಲಿಲ್ಲ. ಹಾಗಾಗಿ ಹಿಟ್ಟನ್ನೇ ಗಟ್ಟಿಯಾಗಿ ನಾದಿ, ದಪ್ಪಗೆ ತಟ್ಟಿ, ಡಬ್ಬದ ಹಾಗೆ ನಿಲ್ಲಿಸಿ, ಒಳಗೆ ಮಾಂಸವಿಟ್ಟು ಮುಚ್ಚಿ ಬೇಯಿಸುತ್ತಿದ್ದರು. ಬೆಂದ ಮೇಲೆ ಮುಚ್ಚಳದ ತೂತಿನಿಂದ ಕರಗಿದ ಕೊಬ್ಬನ್ನೋ ಬೆಣ್ಣೆಯನ್ನೋ ಸುರಿದರೆ ಗಾಳಿಗೆ ಜಾಗವೇ ಇಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ, ಚಳಿ ದೇಶದಲ್ಲಿ, ಮಾಂಸ ಬಹುದಿನ ಕೆಡದೆ ಉಳಿಯುತ್ತಿತ್ತು. ಬೇಯಿಸುವ ಪಾತ್ರೆ, ಕೂಡಿಡುವ ಡಬ್ಬ, ಹೊತ್ತೊಯ್ಯುವ ಬುತ್ತಿ ಮೂರೂ ಅದೇ. ನಮ್ಮ ಮನೆಗಳಲ್ಲಿ ಒಲೆ ಇತ್ತು, ಭಟ್ಟಿ ಇರಲಿಲ್ಲ. ಆದ್ದರಿಂದ ಹೂರಣ ತುಂಬಿದ್ದೆಲ್ಲ ಕಾವಲಿಗೋ ಹಬೆಗೋ ಎಣ್ಣೆಗೋ ಹೋಯಿತು.

ಪೈ ಎಂದರೆ ಯಾವುದು ಇಷ್ಟ ಎಂದು ಕೇಳಿದರೆ ಜನ ಹೂರಣದ ಹೆಸರು ಹೇಳುತ್ತಾರೆ: ಆಪಲ್, ಚಿಕನ್, ಚಾಕೊಲೇಟ್. ನಾನು ಗೋಡೆ ನೋಡಿ ಪೈ ಆರಿಸುವವನು. ಕಣಕ ತನ್ನ ಪಾಲಿನ ಕೆಲಸ ಮಾಡದಿದ್ದರೆ ಒಳಗೆ ಏನಿಟ್ಟರೂ ಅದು ತಟ್ಟೆಯಲ್ಲಿ ಬಡಿಸಿದ ಪಲ್ಯವೇ.

ಆ ಲೆಕ್ಕದಲ್ಲಿ ಖಾರದ ಪೈಗಳ ಪೈಕಿ ನನ್ನ ಮೊದಲ ಮಣೆ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಮೆಲ್ಟನ್ ಮೋಬ್ರೆ ಎಂಬ ಪೇಟೆಯ ಹಂದಿಮಾಂಸದ ಪೈಗೆ. ಖಾರ ಎಂದೆನಾದರೂ ಅದರಲ್ಲಿ ಕಾಳುಮೆಣಸಿನ ಪುಡಿಯ ಘಾಟಿಗಿಂತ ಹೆಚ್ಚಿನದೇನೂ ಇಲ್ಲ. ಅದರ ಕಣಕ ಮಾಡುವ ಕ್ರಮವೇ ಬೇರೆ. ಸಾಮಾನ್ಯವಾಗಿ ಪೈ ಹಿಟ್ಟಿಗೆ ತಣ್ಣೀರು, ತಣ್ಣನೆಯ ಬೆಣ್ಣೆ. ಇಲ್ಲಿ ಕುದಿಯುವ ನೀರಿನಲ್ಲಿ ಹಂದಿಕೊಬ್ಬು ಕರಗಿಸಿ ಮೈದಾಕ್ಕೆ ಸುರಿಯುತ್ತಾರೆ. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸಿದವರಿಗೆ ಬಿಸಿನೀರು ಬಿದ್ದಾಗ ಹಿಟ್ಟು ಹೇಗೆ ಮಾತು ಕೇಳುತ್ತದೆ ಎಂಬುದು ಗೊತ್ತು. ಬೆಚ್ಚಗಿರುವಾಗಲೇ ಅದನ್ನು ಉಂಡೆ ಮಾಡಿ, ಉರುಳೆಯಂಥ ಮರದ ಅಚ್ಚೊಂದನ್ನು ನಡುವೆ ಒತ್ತಿ, ಸುತ್ತಲಿನ ಹಿಟ್ಟನ್ನು ಅಂಗೈಯಿಂದ ಮೇಲಕ್ಕೆ ಏರಿಸುತ್ತಾ ಹೋಗುತ್ತಾರೆ. ಅಚ್ಚನ್ನು ತಿರುಗಿಸಿ ಎಳೆದರೆ ಗೋಡೆ ತಾನೇ ನಿಲ್ಲುತ್ತದೆ. ಒಳಗೆ ಹೆಚ್ಚಿದ ಹಸಿ ಮಾಂಸ, ಉಪ್ಪು, ಮೆಣಸು. ಮೇಲೊಂದು ಮುಚ್ಚಳ, ಅಂಚಿಗೆ ಚಿವುಟಿದ ನೆರಿಗೆ, ನಡುವೆ ತೂತು.

ಯಾವ ತಗಡಿನ ಆಸರೆಯೂ ಇಲ್ಲದೆ ಓವನ್ನಿಗೆ ಹೋಗುವುದರಿಂದ ಅದರ ಪಕ್ಕೆಗಳು ಸ್ವಲ್ಪ ಹೊರಗೆ ಉಬ್ಬುತ್ತವೆ. ಆ ಉಬ್ಬೇ ಅಸಲಿತನದ ಗುರುತು. ನೆಟ್ಟಗೆ ನಿಂತ ಪಕ್ಕೆ ಕಂಡರೆ ಅಚ್ಚಿನಲ್ಲಿ ಬೇಯಿಸಿದ್ದು ಎಂದು ಆ ಊರಿನವರು ಮುಖ ತಿರುಗಿಸುತ್ತಾರೆ. ಬೇಯುವಾಗ ಮಾಂಸ ಕುಗ್ಗಿ ಕಣಕಕ್ಕೂ ಹೂರಣಕ್ಕೂ ನಡುವೆ ಸಂದಿ ಬೀಳುತ್ತದೆ. ಹಂದಿಯ ಎಲುಬು ಕುದಿಸಿ ತೆಗೆದ ಅಂಟು ಸಾರನ್ನು ತೂತಿನಿಂದ ಸುರಿದರೆ ಆರಿದ ಮೇಲೆ ಜೆಲ್ಲಿಯಾಗಿ ಸಂದಿ ತುಂಬುತ್ತದೆ. ಹಳೆಯ ಕಾಲದ ಕೊಬ್ಬಿನ ಬೀಗದ ಮುಂದುವರಿಕೆ ಇದು. ಮಾಂಸಕ್ಕೆ ಉಪ್ಪುನೀರಿನ ಸಂಸ್ಕಾರ ಮಾಡದ ಕಾರಣ ಒಳಗಿನ ಬಣ್ಣ ಗುಲಾಬಿಯಲ್ಲ, ಬೂದು. ನೋಡಲು ಅಷ್ಟೇನೂ ಚಂದವಿಲ್ಲ. ತಣ್ಣಗೇ ತಿನ್ನಬೇಕು.

ಈ ಪೈ ಅಲ್ಲೇ ಏಕೆ ಹುಟ್ಟಿತು ಎಂಬುದಕ್ಕೂ ಕಾರಣವಿದೆ. ಆ ಸೀಮೆ ಸ್ಟಿಲ್ಟನ್ ಚೀಸ್‌ನದು. ಚೀಸ್ ಮಾಡಿದ ಮೇಲೆ ಉಳಿಯುವ ಹಾಲೊಡಕಿನ ನೀರು ಹಂದಿಗಳ ಪಾಲು. ಹಂದಿ ಕೊಬ್ಬಿದವು, ಪೈ ಬಂತು. ಚಳಿಗಾಲದಲ್ಲಿ ನರಿ ಬೇಟೆಗೆ ಬರುತ್ತಿದ್ದ ಸಿರಿವಂತರು ಕುದುರೆ ಸವಾರಿಯಲ್ಲಿ ಆಳುಗಳ ಜೇಬಿನಲ್ಲಿದ್ದ ಪೈ ನೋಡಿ ತಾವೂ ರುಚಿ ಹಿಡಿದರು ಎನ್ನುತ್ತಾರೆ. ಕುದುರೆ ಎಷ್ಟು ಕುಣಿದರೂ ಒಡೆಯದ ಗೋಡೆಯಲ್ಲವೇ! 2009ರಲ್ಲಿ ಯುರೋಪಿಯನ್ ಒಕ್ಕೂಟ ಈ ಹೆಸರಿಗೆ ಭೌಗೋಳಿಕ ರಕ್ಷಣೆ ಕೊಟ್ಟಿತು.

ಎರಡು ವರ್ಷದ ನಂತರ ಅದೇ ರಕ್ಷಣೆ ಕಾರ್ನ್‌ವಾಲ್‌ನ ಪ್ಯಾಸ್ಟಿಗೆ ಸಿಕ್ಕಿತು. ಪೈ ಕುಲದ ಶ್ರಮಜೀವಿ ಇದು. ದುಂಡಗೆ ಲಟ್ಟಿಸಿದ ಹಿಟ್ಟಿನ ಅರ್ಧಕ್ಕೆ ಹೂರಣ ಹರಡಿ, ಇನ್ನರ್ಧ ಮಡಿಚಿ, ಅಂಚು ಹೆಣೆಯುವುದು. ನಿಯಮದ ಪ್ರಕಾರ ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಮತ್ತು ಸ್ವೀಡ್ ಎಂಬ ಹಳದಿ ತಿರುಳಿನ ಗೆಡ್ಡೆ. ಕ್ಯಾರೆಟ್ ಹಾಕಿದರೆ ಅಲ್ಲಿನವರಿಗೆ ಸಿಟ್ಟು. ಮಾಂಸ ಶೇ 12.5ಕ್ಕೆ, ತರಕಾರಿ ಶೇ 25ಕ್ಕೆ ಕಡಿಮೆ ಇರಕೂಡದು. ನೆರಿಗೆ ನೆತ್ತಿಯ ಮೇಲೆ ಬರದೆ ಪಕ್ಕದಲ್ಲೇ ಇರಬೇಕು. ಎಲ್ಲವನ್ನೂ ಹಸಿಯಾಗಿಯೇ ತುಂಬುವುದರಿಂದ ಮಾಂಸದ ರಸ ಆಲೂಗಡ್ಡೆಗೆ ಇಳಿದು, ಆಲೂಗಡ್ಡೆಯ ಪಿಷ್ಟ ರಸವನ್ನು ಗಟ್ಟಿ ಮಾಡಿ, ಒಳಗೇ ಒಂದು ಗೊಜ್ಜು ತಯಾರಾಗುತ್ತದೆ. ಕಣಕ ಸೋರದೆ ಹಿಡಿದಿಟ್ಟರೆ ಮಾತ್ರ.

ಕಾರ್ನ್‌ವಾಲ್‌ನ ತವರದ ಗಣಿಗಳಿಗೆ ಇಳಿಯುವವರ ಮಧ್ಯಾಹ್ನದ ಊಟ ಇದೇ ಆಗಿತ್ತು. ಯಾರದು ಯಾವುದೆಂದು ತಿಳಿಯಲು ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಹಿಟ್ಟಿನಲ್ಲೇ ಕೊರೆಯುತ್ತಿದ್ದರು. ಅದುರಿನಲ್ಲಿದ್ದ ಆರ್ಸೆನಿಕ್ ವಿಷ ಕೈಗೆ ಅಂಟುವುದರಿಂದ ದಪ್ಪ ನೆರಿಗೆಯನ್ನು ಹಿಡಿಯಂತೆ ಬಳಸಿ ಕೊನೆಗೆ ಎಸೆಯುತ್ತಿದ್ದರು ಎಂಬ ಕತೆ ಎಲ್ಲೆಡೆ ಓಡಾಡುತ್ತಿದೆ. ಕೇಳಲು ಸೊಗಸು. ಆದರೆ ಹಳೆಯ ಫೋಟೊಗಳಲ್ಲಿ ಗಣಿಯವರು ಪ್ಯಾಸ್ಟಿಯನ್ನು ಕಾಗದದಲ್ಲೋ ಬಟ್ಟೆಚೀಲದಲ್ಲೋ ಹಿಡಿದು ಕೊನೆಯವರೆಗೂ ತಿನ್ನುತ್ತಿರುವುದು ಕಾಣುತ್ತದೆ. ಬೆಳಗಿನಿಂದ ಕಲ್ಲು ಒಡೆದವನು ಬೆಂದ ಹಿಟ್ಟನ್ನು ಎಸೆದಾನೆಂದು ನನಗೂ ಅನ್ನಿಸುವುದಿಲ್ಲ.

19ನೇ ಶತಮಾನದಲ್ಲಿ ಕಾರ್ನ್‌ವಾಲ್‌ನ ತಾಮ್ರ, ತವರದ ಬೆಲೆ ನೆಲಕಚ್ಚಿ ಗಣಿಯವರು ಗುಂಪುಗುಂಪಾಗಿ ಊರು ಬಿಟ್ಟರು. ಹೋದಲ್ಲೆಲ್ಲ ಪ್ಯಾಸ್ಟಿ ಹಿಂಬಾಲಿಸಿತು. ಅಮೆರಿಕದ ಮಿಚಿಗನ್‌ನಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದಲ್ಲಿ ಅದು ಈಗಲೂ ಊರಿನ ತಿಂಡಿ. ಮೆಕ್ಸಿಕೊದ ರಿಯಲ್ ದೆಲ್ ಮಾಂಟೆಗೆ 1820ರ ದಶಕದಲ್ಲಿ ಬೆಳ್ಳಿ ತೆಗೆಯಲು ಹೋದವರ ಪ್ಯಾಸ್ಟಿ ಅಲ್ಲಿ ‘ಪಾಸ್ತೆ’ ಆಯಿತು. ಹೂರಣಕ್ಕೆ ಮೆಣಸಿನಕಾಯಿ ಬಂತು, ರಾಜ್ಮಾ ಜಾತಿಯ ಬೀನ್ಸ್ ಬಂತು, ಆಮೇಲೆ ಅನಾನಸ್ ಕೂಡ ಬಂತು. ಆ ಗುಡ್ಡದ ಊರಿನಲ್ಲಿ ಪಾಸ್ತೆಗೊಂದು ವಸ್ತುಸಂಗ್ರಹಾಲಯವೇ ಇದೆ.

ಅದೇ ಕಾರ್ನ್‌ವಾಲ್‌ನ ಗಣಿ ಕಸುಬು ನಮ್ಮಲ್ಲಿಗೂ ಬಂದಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಾಗ ‘ಕ್ಯಾಪ್ಟನ್’ ಎನಿಸಿಕೊಂಡ ಕಾರ್ನಿಷ್ ಮೇಲ್ವಿಚಾರಕರೂ ಜತೆಗೆ ಬಂದರು. ಆದರೆ ಮೆಕ್ಸಿಕೊದಲ್ಲಿ ಆದದ್ದು ಕೆಜಿಎಫ್‌ನಲ್ಲಿ ಆಗಲಿಲ್ಲ. ಮೈಲಿಗಟ್ಟಲೆ ಆಳಕ್ಕೆ ಇಳಿದು ಚಿನ್ನ ತೆಗೆದವರು ತಮಿಳು, ತೆಲುಗು, ಕನ್ನಡದ ಕೂಲಿಗಳು. ಅವರ ಬುತ್ತಿ ಅವರವರ ಮನೆಯದು. ಸಾಹೇಬರ ಬಂಗಲೆಯ ಅಡುಗೆ ಬಂಗಲೆಯ ಕಾಂಪೌಂಡ್ ದಾಟಲಿಲ್ಲ. ದೊರೆ ತಿಂದದ್ದು ಊರಿಗೆಲ್ಲ ಹರಡುವುದಿಲ್ಲ. ಜತೆಗೆ ದುಡಿದವನು ತಿಂದದ್ದು ಹರಡುತ್ತದೆ. ರಿಯಲ್ ದೆಲ್ ಮಾಂಟೆಗೆ ಹೋದವರಲ್ಲಿ ಗಣಿಗಿಳಿದು ದುಡಿಯುವವರೇ ಇದ್ದರು ಎಂಬುದು ಇಲ್ಲಿ ಮುಖ್ಯ.

ಇಷ್ಟೆಲ್ಲ ಖಾರದ ಮಾತಾಯಿತು, ಸಿಹಿ ಎಲ್ಲಿ ಎಂದು ಕೇಳುವಿರಿ. ಬಹುಕಾಲ ಈ ಎರಡರ ನಡುವೆ ಬೇಲಿಯೇ ಇರಲಿಲ್ಲ. ಕ್ರಿಸ್‌ಮಸ್‌ಗೆ ಬೆಂಗಳೂರಿನ ಬೇಕರಿಗಳಲ್ಲೂ ಕಾಣುವ ಮಿನ್ಸ್ ಪೈ ಒಂದು ಕಾಲಕ್ಕೆ ನಿಜವಾದ ಮಾಂಸದ ಪೈ. ಕೊಚ್ಚಿದ ಕುರಿ ಅಥವಾ ದನದ ಮಾಂಸ, ಕೊಬ್ಬು, ಒಣದ್ರಾಕ್ಷಿ, ಲವಂಗ, ಜಾಕಾಯಿ, ಜಾಪತ್ರೆ ಎಲ್ಲ ಒಟ್ಟಿಗೆ. ಪೂರ್ವ ದೇಶಗಳ ಮಸಾಲೆಯೂ ಒಣಹಣ್ಣೂ ದುಬಾರಿ ಸರಕಾಗಿದ್ದ ದಿನಗಳಲ್ಲಿ ಮಾಂಸದ ಜತೆ ಅವನ್ನು ಬೆರೆಸುವುದೇ ಶ್ರೀಮಂತಿಕೆ. ಆಮೇಲೆ ಗುಲಾಮರನ್ನು ದುಡಿಸಿ ಕೆರಿಬಿಯನ್ ದ್ವೀಪಗಳಲ್ಲಿ ಬೆಳೆದ ಕಬ್ಬಿನಿಂದ ಸಕ್ಕರೆ ಅಗ್ಗವಾಗಿ, ಊಟದ ಕೊನೆಗೆ ಸಿಹಿಗೇ ಒಂದು ಸರದಿ ಹುಟ್ಟಿತು. ಮಾಂಸ ಮೆಲ್ಲಗೆ ಹಿಂದೆ ಸರಿಯಿತು. 1861ರ ಮಿಸೆಸ್ ಬೀಟನ್ ಅಡುಗೆ ಪುಸ್ತಕದಲ್ಲಿ ದನದ ಮಾಂಸ ಹಾಕಿದ ಹೂರಣವೂ ಇದೆ, ಹಾಕದ್ದೂ ಇದೆ. ಈಗ ಮಾಂಸ ಹೋಗಿದೆ, ಪ್ರಾಣಿಯ ಕೊಬ್ಬು ಅನೇಕ ಕಡೆ ಉಳಿದಿದೆ. ಸಸ್ಯಾಹಾರಿಗಳು ಡಬ್ಬದ ಹಿಂದೆ ‘ಸ್ಯೂಯೆಟ್’ ಎಂದಿದೆಯೇ ನೋಡಿ ಕೊಳ್ಳುವುದು ಒಳ್ಳೆಯದು.

ಬೆಡ್‌ಫರ್ಡ್‌ಶೈರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ‘ಕ್ಲ್ಯಾಂಗರ್’ ಉದ್ದನೆಯ ಸುರುಳಿ. ಒಂದು ತುದಿಯಲ್ಲಿ ಮಾಂಸ, ಇನ್ನೊಂದು ತುದಿಯಲ್ಲಿ ಜಾಮ್. ಹೊಲಕ್ಕೆ ಹೋದವನು ಈ ಕಡೆಯಿಂದ ತಿನ್ನಲು ಶುರುಮಾಡಿದರೆ ಊಟ ಮುಗಿದಲ್ಲಿ ಸಿಹಿ ಎದುರಾಗುತ್ತದೆ. ಯಾವ ತುದಿ ಯಾವುದು ಎಂಬ ಗುರುತು ಕಳೆದುಹೋದ ದಿನ ಏನಾಗುತ್ತಿತ್ತೋ.

ಆಪಲ್ ಪೈ ಅಮೆರಿಕದ ಹೆಮ್ಮೆ ಎನ್ನುತ್ತಾರೆ. ಸೇಬು ಅಲ್ಲಿಯದಲ್ಲ, ಪೈ ಅಲ್ಲಿಯದಲ್ಲ. 14ನೇ ಶತಮಾನದ ಕೊನೆಯ ಇಂಗ್ಲಿಷ್ ಪಾಕವಿಧಿಯಲ್ಲೇ ಸೇಬು, ಪೇರು, ಅಂಜೂರ, ಒಣದ್ರಾಕ್ಷಿ, ಕೇಸರಿ ಹಾಕಿದ ಪೈ ಇದೆ. ಸಕ್ಕರೆ ಮಾತ್ರ ಇಲ್ಲ. ವಲಸೆ ಹೋದವರು ಸೇಬಿನ ಬೀಜ, ಸಸಿ ಜತೆಗೊಯ್ದರು. 1796ರಲ್ಲಿ ಅಮೀಲಿಯಾ ಸಿಮ್ಮನ್ಸ್ ಬರೆದ ಅಮೆರಿಕದ ಮೊದಲ ಅಡುಗೆ ಪುಸ್ತಕದಲ್ಲಿ ಆಪಲ್ ಪೈ ಜತೆ ಕುಂಬಳಕಾಯಿಯದೂ ಬಂತು. ಎರವಲು ತಂದದ್ದನ್ನು ಮನೆಮಾತು ಮಾಡಿಕೊಳ್ಳುವುದರಲ್ಲಿ ಅಮೆರಿಕದವರು ನಮ್ಮಷ್ಟೇ ಜಾಣರು. ಮೆಣಸಿನಕಾಯಿ ನಮ್ಮದಲ್ಲ ಎಂದರೆ ಬ್ಯಾಡಗಿಯಲ್ಲಿ ಯಾರು ನಂಬುತ್ತಾರೆ? ವರ್ಮಾಂಟ್ ರಾಜ್ಯವಂತೂ 1999ರಲ್ಲಿ ಆಪಲ್ ಪೈಯನ್ನು ರಾಜ್ಯದ ಪೈ ಎಂದು ಘೋಷಿಸುವ ಕಾನೂನಿನಲ್ಲೇ, ಅದನ್ನು ಬಡಿಸುವಾಗ ತಣ್ಣನೆಯ ಹಾಲು, ಚೆಡ್ಡರ್ ಚೀಸ್ ತುಂಡು ಅಥವಾ ವೆನಿಲಾ ಐಸ್‌ಕ್ರೀಮ್ ಕೊಡಲು ಮನಃಪೂರ್ವಕ ಪ್ರಯತ್ನ ಮಾಡತಕ್ಕದ್ದು ಎಂದು ಸೇರಿಸಿದೆ. ಚೀಸ್ ಜತೆ ಸೇಬಿನ ಪೈ ತಿಂದು ನೋಡಿ. ಸಿಹಿ ಖಾರದ ಬೇಲಿ ಎಷ್ಟು ಹೊಸದೆಂದು ನಾಲಿಗೆಗೇ ಗೊತ್ತಾಗುತ್ತದೆ.

ಆಪಲ್ ಪೈಯಲ್ಲಿ ಕಣಕದ ಶತ್ರು ನೀರು. ಸೇಬು ಬೇಯುತ್ತಾ ನೀರು ಬಿಡುತ್ತದೆ, ತಳ ಮೆತ್ತಗಾಗುತ್ತದೆ. ಮೇಲಿನ ಹೊದಿಕೆ ಮೊದಲೇ ಗಟ್ಟಿಯಾಗಿ ಗುಮ್ಮಟದಂತೆ ನಿಂತು, ಕೆಳಗೆ ಸೇಬು ಕುಸಿದು ಟೊಳ್ಳು ಉಳಿಯುತ್ತದೆ. ಮೇಲೆ ಜಾಲರಿ ಹೆಣೆಯುವುದು ಅಂದಕ್ಕಷ್ಟೇ ಅಲ್ಲ, ಹಬೆ ಹೋಗಲಿ ಎಂದೂ ಹೌದು. ಯಾವ ಸೇಬು ಎಂಬುದರ ಮೇಲೂ ಎರಡು ಪಕ್ಷ. ಇಂಗ್ಲೆಂಡಿನವರ ಬ್ರ್ಯಾಮ್ಲಿ ತೀರಾ ಹುಳಿ, ಬೆಂದರೆ ಕರಗಿ ನೊರೆಯಂತಾಗುತ್ತದೆ. ಅಮೆರಿಕದವರಿಗೆ ಹೋಳು ಹೋಳಾಗಿಯೇ ಸಿಗಬೇಕು, ಅದಕ್ಕೆ ಗ್ರ್ಯಾನಿ ಸ್ಮಿತ್‌ನಂಥ ಹಸಿರು ಸೇಬು. ನಮ್ಮ ಮಾರುಕಟ್ಟೆಯ ಕೆಂಪು ಡೆಲಿಶಿಯಸ್ ಸೇಬು ಕತ್ತರಿಸಿ ತಿನ್ನಲು ಸರಿ, ಪೈಗೆ ಸಪ್ಪೆ. ಅದರಲ್ಲೇ ಮಾಡಬೇಕೆಂದರೆ ನಿಂಬೆರಸ ಧಾರಾಳವಾಗಿ ಬೀಳಬೇಕು.

ನಿಂಬೆ ಎಂದಾಗ ಸಿಹಿ ಪೈಗಳಲ್ಲಿ ನನ್ನ ಮೊದಲ ಆಯ್ಕೆಗೆ ಬಂದೆ. ಫ್ಲಾರಿಡಾದ ತುದಿಯಲ್ಲಿ ಸಮುದ್ರಕ್ಕೆ ಚೆಲ್ಲಿದಂತಿರುವ ದ್ವೀಪಮಾಲೆ ‘ಕೀಸ್’. ಅಲ್ಲಿಯ ಕೀ ಲೈಮ್ ಪೈಯ ಹೂರಣಕ್ಕೆ ಬೇಕಾದದ್ದು ಮೂರೇ: ನಿಂಬೆರಸ, ಮೊಟ್ಟೆಯ ಹಳದಿ, ಡಬ್ಬದ ಗಟ್ಟಿಹಾಲು. ಮೇಯಲು ಹುಲ್ಲಿಲ್ಲದ, ಐಸಿಲ್ಲದ ದ್ವೀಪಗಳಲ್ಲಿ ತಾಜಾ ಹಾಲು ಎಲ್ಲಿಂದ ಬರಬೇಕು? ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದ ಕಂಡೆನ್ಸ್ಡ್ ಮಿಲ್ಕ್ ಆ ಕೊರತೆ ನೀಗಿತು. ನಮ್ಮ ಮನೆಗಳಲ್ಲಿ ಮಿಲ್ಕ್‌ಮೇಡ್ ಎಂದೇ ಕರೆಯುವ ಅದೇ ಹಾಲು.

ಬಟ್ಟಲಿನಲ್ಲಿ ಅದು ಆಗುವ ಪರಿ ನೋಡುವಂಥದ್ದು. ಗಟ್ಟಿಹಾಲಿಗೆ ಹಳದಿ ಕಲಸಿ ನಿಂಬೆರಸ ಹನಿಸುತ್ತಾ ತಿರುವಿದರೆ ಮೊದಲು ತೆಳ್ಳಗಾಗುತ್ತದೆ, ಕೆಟ್ಟಿತೇನೋ ಅನ್ನಿಸುತ್ತದೆ. ತಿರುವುತ್ತಲೇ ಇರಿ. ಸೌಟು ಭಾರವಾಗತೊಡಗುತ್ತದೆ, ತಿರುವಿದ ಗೆರೆ ಮಾಯದೆ ನಿಲ್ಲುತ್ತದೆ. ಒಲೆ ಹಚ್ಚಿಯೇ ಇಲ್ಲ! ಮಾಮೂಲಿ ಹಾಲಿಗೆ ಹುಳಿ ಹಿಂಡಿದರೆ ಒಡೆದು ಗಿಣ್ಣು ಗಿಣ್ಣಾಗುತ್ತದೆ. ಇಲ್ಲಿ ನೀರು ಕಡಿಮೆ, ಸಕ್ಕರೆ ವಿಪರೀತ, ಆದ್ದರಿಂದ ಹಾಲಿನ ಪ್ರೋಟೀನು ನುಣ್ಣಗೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಸಿ ಮೊಟ್ಟೆಯ ಭಯಕ್ಕೆ ಈಗ ಎಲ್ಲರೂ ಸ್ವಲ್ಪ ಹೊತ್ತು ಓವನ್ನಿನಲ್ಲಿಡುತ್ತಾರೆ, ಇಡುವುದೇ ಕ್ಷೇಮ. ಬಣ್ಣ ತೆಳು ಹಳದಿ. ಹಸಿರು ಪೈ ಕಂಡರೆ ಅದು ಪ್ರವಾಸಿಗರಿಗೆಂದು ಬಣ್ಣ ಬೆರೆಸಿದ್ದು ಎಂದು ಕೀಸ್‌ನವರು ನಗುತ್ತಾರೆ. 2006ರಲ್ಲಿ ಫ್ಲಾರಿಡಾ ಇದನ್ನು ರಾಜ್ಯದ ಪೈ ಮಾಡಿಕೊಂಡಿತು. ಅಷ್ಟರಲ್ಲಿ ಅಲ್ಲಿನ ನಿಂಬೆ ತೋಟಗಳೇ ಹೆಚ್ಚುಕಡಿಮೆ ಇರಲಿಲ್ಲ. 1926ರ ಚಂಡಮಾರುತ ಕೆಡವಿದ ಮೇಲೆ ಬೆಳೆಗಾರರು ಬೀಜವಿಲ್ಲದ, ದೊಡ್ಡ ಗಾತ್ರದ ಪರ್ಷಿಯನ್ ನಿಂಬೆಗೆ ಹೊರಳಿದ್ದರು.

ಅವರು ಕಳೆದುಕೊಂಡ ಆ ಕೀ ಲೈಮ್ ಯಾವುದು ಗೊತ್ತೇ? ತೆಳು ಸಿಪ್ಪೆ, ಕೈತುಂಬ ಬೀಜ, ಘಮ್ಮೆನ್ನುವ ರಸದ ನಮ್ಮ ಸಾದಾ ನಿಂಬೆಹಣ್ಣೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ಏಷ್ಯಾದಿಂದ ಅರಬರ ಕೈಸೇರಿ, ಸ್ಪೇನಿನವರ ಹಡಗು ಹತ್ತಿ ಕೆರಿಬಿಯನ್ ಮುಟ್ಟಿದ್ದು. ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ನ್ಯೂಯಾರ್ಕಿನವರು ಅಸಲಿ ಕೀ ಲೈಮ್ ಎಂದು ಹುಡುಕಿ ಕೊಳ್ಳುವ ಹಣ್ಣು ಇಂಡಿ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಉಪ್ಪಿನಕಾಯಿಗೂ ಚಿತ್ರಾನ್ನಕ್ಕೂ ಮಿಕ್ಕಿದ್ದರಲ್ಲಿ ಒಂದು ಪೈ ಆಗಲಿ.

ಕಣಕವಿಲ್ಲದ ಪೈಗಳೂ ಇವೆ. ಶೆಪರ್ಡ್ಸ್ ಪೈ, ಕಾಟೇಜ್ ಪೈ ಎಂದು ಕೈಮಾದ ಮೇಲೆ ಅರೆದ ಆಲೂಗಡ್ಡೆ ಬಳಿದು ಕೆಂಪಗೆ ಬೇಯಿಸುವುದು. ತಿನ್ನಲು ಆಕ್ಷೇಪವಿಲ್ಲ, ಆ ಹೆಸರಿಗೆ ಇದೆ. ಅವಕ್ಕಿಂತ ಕಾರ್ನ್‌ವಾಲ್‌ನ ಮೌಸಲ್ ಎಂಬ ಬೆಸ್ತರ ಊರಿನ ಸ್ಟಾರ್‌ಗೇಜಿ ಪೈ ಮೇಲು. ಡಿಸೆಂಬರ್ 23ರಂದು ಮಾಡುವ ಅದರಲ್ಲಿ ಮೀನಿನ ತಲೆಗಳು ಹಿಟ್ಟು ಸೀಳಿಕೊಂಡು ಆಕಾಶ ನೋಡುತ್ತಿರುತ್ತವೆ. ತಲೆಯ ಎಣ್ಣೆ ಒಳಗೇ ಇಳಿಯಲಿ ಎಂಬುದು ಅದಕ್ಕೆ ಕೊಡುವ ಕಾರಣ. ಮಕ್ಕಳು ಹೆದರಿದರೆ ಆಶ್ಚರ್ಯವಿಲ್ಲ.

ಪೈ ಕುಲದ ಒಂದು ಕವಲು ಕರ್ನಾಟಕದಲ್ಲಿ ಚೆನ್ನಾಗಿಯೇ ಬೇರುಬಿಟ್ಟಿದೆ, ಹೆಸರು ಬದಲಿಸಿಕೊಂಡು. ಅಯ್ಯಂಗಾರ್ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ದುಂಡಗೆ ಕೂತು, ತ್ರಿಕೋನವಾಗಿ ಕೊಯ್ದು ಕೊಡುವ ದಿಲ್‌ಪಸಂದ್ ಇದೆಯಲ್ಲ, ಎರಡು ಪದರ ಹಿಟ್ಟಿನ ನಡುವೆ ಸಿಹಿ ಕೊಬ್ಬರಿ, ಟೂಟಿಫ್ರೂಟಿ, ಅದನ್ನು ಮುಚ್ಚಿದ ಸಿಹಿ ಪೈ ಎನ್ನದೆ ಬೇರೆ ದಾರಿಯಿಲ್ಲ. ಪಕ್ಕದ ಪಫ್ ಅದರ ಖಾರದ ದಾಯಾದಿ. ಪಫ್‌ನ ಪದರ ಬಿಡುವುದು ಕೊಬ್ಬಿನ ಕೆಲಸ: ಹಿಟ್ಟಿನ ನಡುನಡುವೆ ಕರಗದೆ ಉಳಿದ ಕೊಬ್ಬಿನ ಹಾಳೆ ಓವನ್ನಿನಲ್ಲಿ ಕರಗುವಾಗ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ. ನಮ್ಮ ಸೆಕೆಗೆ ಬೆಣ್ಣೆ ಲಟ್ಟಣಿಗೆಯಡಿಯಲ್ಲೇ ಕರಗಿಹೋಗುವುದರಿಂದ ಬೇಕರಿಯವರು ಮಾರ್ಗರಿನ್ ಹಿಡಿದರು. ಪದರ ಬಂತು, ಅಂಗುಳಿಗೆ ಅಂಟುವ ಜಿಡ್ಡೂ ಬಂತು.

ಮನೆಯಲ್ಲಿ ಮಾಡುವವರು ಬೆಣ್ಣೆಯನ್ನೇ ಹಿಡಿಯಿರಿ. ಫ್ರೀಜರಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಕಾಯಿ ತುರಿದಂತೆ ತುರಿದು ಮೈದಾಕ್ಕೆ ಬೆರೆಸಿ, ಐಸ್‌ನೀರು ಚಿಮುಕಿಸಿ, ನಾದದೆ ಕೂಡಿಸಿ. ಚಪಾತಿ ಹಿಟ್ಟಿನಂತೆ ತಿಕ್ಕಿದರೆ ಅಂಟು ಬಂದು ಕಣಕ ಚರ್ಮವಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಲಟ್ಟಿಸಿ ಅಚ್ಚಿಗೆ ಹಾಸಿ. ನಿಂಬೆಯಂಥ ಒದ್ದೆ ಹೂರಣವಾದರೆ ಖಾಲಿ ಕಣಕವನ್ನು ಮೊದಲು ಬೇಯಿಸಿಕೊಳ್ಳಬೇಕು. ಉಬ್ಬದಿರಲು ಬೇಕಿಂಗ್ ಪೇಪರ್ ಹಾಸಿ ಒಂದು ಸೇರು ರಾಜ್ಮಾ ಸುರಿಯಿರಿ. ಆ ರಾಜ್ಮಾ ಮತ್ತೆ ಬೇಯುವುದಿಲ್ಲ, ಆದರೆ ಇದೇ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತದೆ. ಬೇರೆ ಡಬ್ಬದಲ್ಲಿ ಹಾಕಿ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಒಂದು ರಾತ್ರಿ ಅದನ್ನು ನೆನೆಹಾಕಿಯೇ ಬಿಡುತ್ತಾರೆ.